ಒದ್ದೆ ಬನಿಯನ್, ಮುಚ್ಚಿದ ಜಾಕೆಟ್: ಬಿಸಿಲಿನಲ್ಲಿ ಬೈಕು ಓಡಿಸಿದ ನನ್ನ ಅನುಭವ

ಸ್ಪ್ರಿಂಕ್ಲರ್ ಮತ್ತು ಪಂಪ್‌ಸೆಟ್ ಬಿಡಿಭಾಗ ಮಾರುವವನಿಗೆ ಬೇಸಿಗೆಯೇ ಸುಗ್ಗಿ. ತೋಟದ ಬಾವಿ ಇಳಿದಷ್ಟೂ ನನ್ನ ಮೊಬೈಲ್ ಬಡಿದುಕೊಳ್ಳುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ತಿರುಗಬೇಡಿ ಎಂಬ ಬುದ್ಧಿಮಾತನ್ನು ಒಂದು ವರ್ಷ ಪಾಲಿಸಿಯೂ ನೋಡಿದೆ. ಏಪ್ರಿಲ್ ಒಂದೇ ತಿಂಗಳಲ್ಲಿ ಹದಿನೈದು ಸಾವಿರದಷ್ಟು ಕಮಿಷನ್ ಕೈಬಿಟ್ಟುಹೋಯಿತು. ಶಿವಮೊಗ್ಗದಿಂದ ಒಂದು ದಿನ ಸವಳಂಗದ ಮೇಲೆ ಶಿಕಾರಿಪುರ, ಒಂದು ದಿನ ಆನಂದಪುರ, ಸಾಗರ, ಇನ್ನೊಂದು ದಿನ ತೀರ್ಥಹಳ್ಳಿ. ದಿನಕ್ಕೆ 120ರಿಂದ 150 ಕಿಲೋಮೀಟರ್. ಮನೆಯಲ್ಲಿ ಕುಳಿತರೆ ಹೊಟ್ಟೆ ಕೇಳುವುದಿಲ್ಲ.

ಮೊದಲೆಲ್ಲ ನಾನೂ ಎಲ್ಲರಂತೆ ಅರ್ಧ ತೋಳಿನ ಅಂಗಿ, ಮೇಲೆತ್ತಿದ ಹೆಲ್ಮೆಟ್ ಗಾಜು, ಎದೆಗೆ ಗಾಳಿ ಎಂದು ಹೋಗುತ್ತಿದ್ದವನೇ. ನಾಲ್ಕು ವರ್ಷದ ಹಿಂದೆ, ಸವಳಂಗ ದಾಟಿದ ಮೇಲೆ ಮರವಿಲ್ಲದ ಜೋಳದ ಹೊಲಗಳ ನಡುವೆ, ಒಂದು ಕಿಲೋಮೀಟರ್ ಕಲ್ಲನ್ನು ಓದಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ಓದಿದೆ, ಅದೇ ಸಂಖ್ಯೆ ಕಂಡಂತಾಯಿತು. ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಒತ್ತುತ್ತಿದ್ದೆ. ಆಮೇಲೆ ಆ ಉರಿಬಿಸಿಲಿನಲ್ಲಿ ತೋಳಿನ ಮೇಲೆ ಚಳಿಗುಳ್ಳೆ ಎದ್ದವು. ಬಸ್ ತಂಗುದಾಣದ ಕಟ್ಟೆಗೆ ಬೈಕು ಒರಗಿಸಿ ವಾಂತಿ ಮಾಡಿದ್ದಷ್ಟೇ ನೆನಪಿದೆ. ಬೆಳಿಗ್ಗೆ ತಿಂದ ಮಂಡಕ್ಕಿಯ ದೋಷವೆಂದು ನಾನು ವಾದಿಸಿದೆ. ಡಾಕ್ಟರು ನಕ್ಕು ಎರಡು ಬಾಟಲಿ ಡ್ರಿಪ್ ಹಾಕಿದರು. ಸುಮಾರು 1,800 ರೂಪಾಯಿ, ಜೊತೆಗೆ ಎರಡು ದಿನದ ದುಡಿಮೆ ಖೋತಾ.

ಅಲ್ಲಿಂದ ನನ್ನ ಪ್ರಯೋಗಗಳು ಶುರುವಾದವು. ಮೈ ತಂಪು ಮಾಡುವ ವೆಸ್ಟ್ (ತೋಳಿಲ್ಲದ ಮೇಲಂಗಿ) ಎಂದು ಆನ್‌ಲೈನಿನಲ್ಲಿ 3,500 ಕೊಟ್ಟು ತರಿಸಿದೆ. ಕುಂಸಿ ಮುಟ್ಟುವಷ್ಟರಲ್ಲಿ ಒಣಗಿ ಗೋಣಿಚೀಲವಾಯಿತು. ಹೆಪ್ಪುಗಟ್ಟಿದ ನೀರಿನ ಬಾಟಲಿಯನ್ನು ಎದೆಯ ಮೇಲಿನ ಚೀಲದಲ್ಲಿಟ್ಟುಕೊಂಡೆ. ಕೆಮ್ಮು ಹಿಡಿಯಿತು, ರಸೀದಿ ಪುಸ್ತಕ ನೆನೆದು ಒಂದು ವಾರದ ಲೆಕ್ಕವೇ ಅಳಿಸಿಹೋಯಿತು. ಹೆಲ್ಮೆಟ್ಟಿನೊಳಗೆ ಒದ್ದೆ ಬಟ್ಟೆ ಇಟ್ಟಿದ್ದು ಎಲ್ಲಕ್ಕಿಂತ ದಡ್ಡತನ. ಗಾಜು ಮಂಜಾಯಿತು, ಬಟ್ಟೆ ಜಾರಿ ಹೆಲ್ಮೆಟ್ ತಲೆಯ ಮೇಲೆ ಅಲ್ಲಾಡತೊಡಗಿತು. ಬಿದ್ದಿದ್ದರೆ ಅದು ಇದ್ದೂ ಇಲ್ಲದಂತೆ.

ಕೊನೆಗೆ ಗೆದ್ದದ್ದು ಹಳೆಯ ಜಾಲರಿ ಜಾಕೆಟ್ಟೇ. ಗೆಳೆಯನೊಬ್ಬನಿಂದ 1,200ಕ್ಕೆ ಕೊಂಡದ್ದು, ಮಳೆಗಾಲದ ಒಳಪದರ ಅದರ ಜೊತೆಗೇ ಬಂದಿತ್ತು. ತುಂಬು ತೋಳಿನ ಹತ್ತಿ ಬನಿಯನ್ನನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಮಾತ್ರ ಹಿಂಡಿ ತೊಡುತ್ತೇನೆ. ಕುತ್ತಿಗೆಗೆ ಒದ್ದೆ ಬೈರಾಸ (ಟವೆಲ್), ಅದರ ತುದಿಗಳು ಜಾಕೆಟ್ಟಿನೊಳಗೇ ಇರಬೇಕು. ಮೊದಲು ಜಾಲರಿ ಪೂರ್ತಿ ತೆರೆದಿಟ್ಟೆ, ಹತ್ತೇ ಕಿಲೋಮೀಟರಿಗೆ ಎಲ್ಲ ಒಣಗಿತು. ಒಂದು ದಿನ ಸಿಟ್ಟಿನಲ್ಲಿ ಒಳಪದರ ಹಾಕಿ, ಎದೆಯ ಜಿಪ್ ಮುಚ್ಚಿ, ಮುಂಗೈ ಹತ್ತಿರ ಎರಡು ಬೆರಳಿನಷ್ಟು ಮಾತ್ರ ಸಡಿಲ ಬಿಟ್ಟೆ. ಗಾಳಿ ತೋಳಿನಿಂದ ನುಗ್ಗಿ ಮೆಲ್ಲಗೆ ಬೆನ್ನಿಗೆ ಹರಿಯಿತು. ಮುಕ್ಕಾಲು ಗಂಟೆಯವರೆಗೆ ಬೆನ್ನು ತಣ್ಣಗಿತ್ತು. ಗಾಳಿ ಮೈಗಿಂತ ಬಿಸಿಯಾಗಿದ್ದಾಗ ಎದೆ ತೆರೆದು ಹೋಗುವುದೆಂದರೆ ಅಡಿಕೆ ಬೇಯಿಸುವ ಒಲೆಯ ಮುಂದೆ ಬೀಸಣಿಗೆ ಹಿಡಿದು ಕುಳಿತಂತೆ. ಇದು ಹೊಳೆಯಲು ನನಗೆ ಎರಡು ಬೇಸಿಗೆ ಬೇಕಾಯಿತು.

ನಂಬಿದವರು ಯಾರೂ ಇಲ್ಲ. "ಒದ್ದೆ ಬಟ್ಟೆಯಲ್ಲಿ ತಿರುಗಿದರೆ ಶೀತವಾಗಿ ಮಲಗುತ್ತೀರಿ, ಆಗ ಕಷಾಯ ಮಾಡಿಕೊಡುವುದು ನಾನೇ" ಎಂದು ಮನೆಯವಳು. "38 ಡಿಗ್ರಿಯಲ್ಲಿ ಜಾಕೆಟ್ಟೇ? ನಿನಗೆ ತಲೆ ಸರಿಯಿದೆಯೇ ಮಾರಾಯಾ?" ಎಂದು ಶಿಕಾರಿಪುರದ ಅಂಗಡಿಯ ಹಿರಿಯರು. ಎರಡು ಬೇಸಿಗೆಯಾಯಿತು, ಶೀತವೂ ಇಲ್ಲ, ಡ್ರಿಪ್ಪೂ ಇಲ್ಲ. ಈಗ ಅದೇ ಹಿರಿಯರು ನಾನು ಬರುವ ದಿನ ಅಂಗಡಿಯ ಹಿಂದೆ ಬಕೆಟ್ಟಿನಲ್ಲಿ ನೀರು ತುಂಬಿಸಿಡುತ್ತಾರೆ. ನೆನೆಸುವ ನೀರಿಗೆ ನಾನೊಂದು ಬೇರು ಹಾಕುತ್ತೇನೆ. ಯಾವುದೆಂದು ಅವರಿಗೂ ಹೇಳಿಲ್ಲ.

ಇದು ಎಲ್ಲ ಕಡೆಯೂ ನಡೆಯುವುದಿಲ್ಲ. ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಬೇಕಾಗಿ ಬಂದ ದಿನ ಅದೇ ವೇಷದಲ್ಲಿ ಹೋದೆ. ಹದಿನಾಲ್ಕು ತಿರುವು ಇಳಿಯುವಷ್ಟರಲ್ಲಿ ಜಾಕೆಟ್ಟಿನೊಳಗೆ ಇಡ್ಲಿ ಬೇಯುವ ಹಬೆ. ಅಲ್ಲಿನ ಗಾಳಿಯೇ ಒದ್ದೆ, ಬನಿಯನ್ ಒಣಗಲೇ ಇಲ್ಲ. ಮೆಲ್ಲಗಾದರೂ ಒಣಗದಿದ್ದರೆ ತಂಪೂ ಇಲ್ಲ. ಘಾಟಿಯ ಕೆಳಗೆ ಒಣ ಬಟ್ಟೆ, ಜಾಲರಿ ಪೂರ್ತಿ ತೆರೆದು, ಅರ್ಧ ಗಂಟೆಗೊಮ್ಮೆ ನೆರಳು. ಬೇರೆ ದಾರಿ ನನಗಂತೂ ಸಿಕ್ಕಿಲ್ಲ. ತೀರ್ಥಹಳ್ಳಿ ದಾರಿಯಲ್ಲೂ ಗಾಜನೂರು ದಾಟಿ ಕಾಡು ಸಿಕ್ಕಿದೊಡನೆ ಜಿಪ್ ಇಳಿಸುತ್ತೇನೆ.

ಆ ದಾರಿಯ ಅಪಾಯವೇ ಬೇರೆ. ಮಂಡಗದ್ದೆಯ ಆಸುಪಾಸಿನಲ್ಲಿ ಮರದ ನೆರಳು, ಬಿಸಿಲಿನ ಪಟ್ಟೆ, ಮತ್ತೆ ನೆರಳು. ಗುಂಡಿ ಯಾವುದು, ನೆರಳು ಯಾವುದು ಗೊತ್ತಾಗುವುದಿಲ್ಲ. ಹೆಲ್ಮೆಟ್ಟಿಗೆ ಕಪ್ಪು ಗಾಜು ಹಾಕಿಸಿದ್ದೆ, ಒಂದು ರಸ್ತೆಉಬ್ಬಿನ ಮೇಲೆ ಹಾರಿದ ಮೇಲೆ ಅದೇ ವಾರ ತೆಗೆಸಿದೆ. ಈಗ ಬಿಳಿ ಗಾಜಿನ ಮೇಲಂಚಿಗೆ ಒಂದೂವರೆ ಇಂಚು ಕರಿ ಟೇಪು. ಸಂಜೆ ಸೂರ್ಯ ಕಣ್ಣಿಗೆ ಬಿದ್ದಾಗ ತಲೆ ಸ್ವಲ್ಪ ತಗ್ಗಿಸಿದರೆ ಸಾಕು. ಖರ್ಚು ಹತ್ತು ರೂಪಾಯಿ.

ಟೈರಿನದೂ ಹೇಳಬೇಕು. ಬಿಸಿಲಿಗೆ ಗಾಳಿ ಉಬ್ಬುತ್ತದೆ, ಸ್ವಲ್ಪ ಬಿಟ್ಟುಬಿಡಿ ಎಂದು ಗ್ಯಾರೇಜಿನವನೊಬ್ಬ ಹೇಳಿದ, ನಾನು ಹಾಗೇ ಮಾಡಿದೆ. ಗಾಳಿ ಕಡಿಮೆಯಾದ ಟೈರು ಮಡಚಿ ಮಡಚಿ ಇನ್ನಷ್ಟು ಕಾಯುತ್ತದೆ. ಆನಂದಪುರದ ಹತ್ತಿರ ಟ್ಯೂಬು ವಾಲ್ವಿನ ಬುಡದಲ್ಲೇ ಹರಿದು, ಎರಡು ಕಿಲೋಮೀಟರ್ ತಳ್ಳಿದೆ. ಈಗ ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಕಂಪನಿ ಹೇಳಿದಷ್ಟೇ ಗಾಳಿ.

ಕುಡಿಯುವುದಕ್ಕೆ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್, ಇಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ. ಮುರುಗಲು ಪಾನಕವೂ ಆಗುತ್ತದೆ. ಆದರೆ ಸಾಗರದ ಕಡೆಯ ಮನೆಯಲ್ಲಿ ಊಟಕ್ಕೆ ಕೂರಿಸಿ ಮಾವಿನಕಾಯಿಯ ಅಪ್ಪೆಹುಳಿ ಬಡಿಸಿದರೆ ಎರಡನೆಯ ಲೋಟ ಬೇಡವೆನ್ನುತ್ತೇನೆ. ನನಗದು ಗ್ಯಾರಂಟಿ ನಿದ್ದೆ, ಬೈಕಿನ ಮೇಲೂ ಬಿಡುವುದಿಲ್ಲ. ಮೂತ್ರ ಕಡು ಹಳದಿಯಾದರೆ ಮುಂದಿನ ಅಂಗಡಿಗೆ ಹೋಗುವ ಮೊದಲು ನೀರು, ಇದಕ್ಕೆ ನಾಚಿಕೆಯಿಲ್ಲ. ತೀರ್ಥಹಳ್ಳಿ ದಾರಿಯಲ್ಲಿ ಏಪ್ರಿಲ್‌ನಲ್ಲೂ ಬತ್ತದ ಒಂದು ಒರತೆಯಿದೆ. ಎಲ್ಲಿ ಎಂದು ಬರೆದರೆ ನಾಳೆಯೇ ಅಲ್ಲಿ ಪ್ಲಾಸ್ಟಿಕ್ ಬೀಳುತ್ತದೆ.

ನಿಲ್ಲಿಸಿದ ಬೈಕಿನ ಸೀಟಿಗೆ ಅಡಿಕೆ ಹಾಳೆ ಮುಚ್ಚುತ್ತೇನೆ. ಅಗಲವಾದದ್ದು ಎರಡಾದರೆ ಟ್ಯಾಂಕಿಗೂ ಸಾಲುತ್ತದೆ. ಊರಿನವರು ನಗುತ್ತಾರೆ, ನಾನು ಸುಟ್ಟುಕೊಳ್ಳದೆ ಕೂರುತ್ತೇನೆ.

ಕೈಗವಸಿನದು ಮಾತ್ರ ಇನ್ನೂ ಬಗೆಹರಿದಿಲ್ಲ. ಚರ್ಮದ್ದು ಬೆವರಿಗೆ ಮುಗ್ಗುತ್ತದೆ, ಜಾಲರಿಯದ್ದು ಹಾಕಿದರೆ ಬೆರಳ ಬುಡದಲ್ಲಿ ಚೌಕ ಚೌಕ ಕಪ್ಪು ಕಲೆ. ಈ ಸಲ ಚರ್ಮದ್ದರೊಳಗೆ ತೆಳು ಹತ್ತಿಯದ್ದು ಹಾಕಿ ನೋಡುತ್ತಿದ್ದೇನೆ. ಕ್ಲಚ್ ಹಿಡಿತ ಸ್ವಲ್ಪ ದಪ್ಪವೆನಿಸುತ್ತದೆ.