ರೈಫಲ್ ಸಿಕ್ಕಿಕೊಂಡಾಗ ತೋಟಾ ಹೇಳುವುದೇನು?

ಸೆಮಿ ಆಟೊಮ್ಯಾಟಿಕ್ ರೈಫಲ್‌ನಲ್ಲಿ ಗುಂಡು ಹಾರಿದ ಬೆನ್ನಿಗೇ ಬೋಲ್ಟ್ (ನಳಿಕೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ಹಿಂದೆ ಸರಿದು ಖಾಲಿ ಕೇಸನ್ನು, ಅಂದರೆ ತೋಟಾದ ಲೋಹದ ಕವಚವನ್ನು, ಚೇಂಬರ್‌ನಿಂದ (ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಎಳೆದು ಹೊರಗೆಸೆಯುತ್ತದೆ. ಮರಳಿ ಮುಂದೆ ಬರುವಾಗ ಮ್ಯಾಗಜೀನ್‌ನ (ತೋಟಾಗಳನ್ನು ತುಂಬಿಡುವ ಡಬ್ಬಿ) ಮೇಲ್ತುದಿಯಲ್ಲಿರುವ ಹೊಸ ತೋಟಾವನ್ನು ತಳ್ಳಿಕೊಂಡು ಬಂದು ಚೇಂಬರ್ ಸೇರಿಸುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಬೇಕಾದ ಶಕ್ತಿ ಮೂಲತಃ ಆಗತಾನೇ ಸಿಡಿದ ತೋಟಾದಿಂದಲೇ ಬರುತ್ತದೆ. ಹೀಗಾಗಿ ಕೇಸ್, ಪ್ರೈಮರ್ (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚುವ ಭಾಗ), ಮದ್ದು, ಗುಂಡು (ನಳಿಕೆಯಿಂದ ಹಾರಿಹೋಗುವ ಭಾಗ) ಎಂಬ ನಾಲ್ಕು ಭಾಗಗಳಲ್ಲಿ ಒಂದು ಕೊಂಚ ಏರುಪೇರಾದರೂ ರೈಫಲ್ ನಡುವೆಯೇ ನಿಂತುಬಿಡಬಹುದು. ಜಾಮ್ ಬಿಡಿಸುವುದು ಒಂದು ಕೆಲಸ, ಅದು ಏಕಾಯಿತೆಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದ ಸಾಕ್ಷ್ಯವೆಲ್ಲ ತೋಟಾದ ಮೈಮೇಲೆಯೇ ಇರುತ್ತದೆ. ಅವಸರದಲ್ಲಿ ನಾವು ಮೊದಲು ಎಸೆಯುವುದೂ ಅದನ್ನೇ.

ರೈಫಲ್ ನಿಂತ ಕ್ಷಣ ಬೆರಳನ್ನು ಟ್ರಿಗರ್‌ನಿಂದ ಹೊರಗೆ ತೆಗೆಯಬೇಕು ಮತ್ತು ನಳಿಕೆಯ ಬಾಯಿಯನ್ನು ಗುರಿಹಲಗೆಯ ದಿಕ್ಕಿನಲ್ಲೇ ಹಿಡಿದಿರಬೇಕು. ಏನಾಯಿತೆಂದು ನೋಡಲು ರೈಫಲನ್ನು ಪಕ್ಕಕ್ಕೆ ತಿರುಗಿಸುವುದು ಸಹಜವಾಗಿ ಬಂದುಬಿಡುವ ಅಭ್ಯಾಸ, ಅಪಘಾತಕ್ಕೆ ದಾರಿ ಮಾಡಿಕೊಡುವುದೂ ಅದೇ. ಮುಂದಿನ ಹೆಜ್ಜೆ ಏನೆಂಬುದನ್ನು ನಿಮ್ಮ ಕಿವಿಗೆ ಬಿದ್ದ ಸದ್ದು ಹೇಳುತ್ತದೆ.

ಬರೀ 'ಟಿಕ್' ಎಂದು ಗುಂಡು ಹಾರದಿದ್ದರೆ ತಕ್ಷಣ ಬೋಲ್ಟ್ ಎಳೆಯಬಾರದು. ಪ್ರೈಮರ್ ಹೊತ್ತಿಕೊಂಡು ಮದ್ದು ತಡವಾಗಿ ಸಿಡಿಯುವ ಸಾಧ್ಯತೆ, ಅಪರೂಪವಾದರೂ, ಇದ್ದೇ ಇರುತ್ತದೆ. ಕನಿಷ್ಠ 30 ಸೆಕೆಂಡ್ ಹಾಗೆಯೇ ಹಿಡಿದು ಕಾಯಬೇಕು. ಅನಂತರ ಮ್ಯಾಗಜೀನ್ ತೆಗೆದು, ಮುಖವನ್ನು ಕೇಸ್ ಹೊರಬೀಳುವ ಕಿಂಡಿಯಿಂದ ದೂರವಿಟ್ಟುಕೊಂಡು, ಬೋಲ್ಟ್ ಎಳೆದು ತೋಟಾವನ್ನು ಹೊರತೆಗೆಯಬೇಕು. ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಪ್ರೈಮರ್ ನಡುವೆ ಆಳವಾದ ಗುಳಿ ಬಿದ್ದಿದ್ದೂ ತೋಟಾ ಸಿಡಿದಿಲ್ಲವೆಂದರೆ ದೋಷ ಬಹುಮಟ್ಟಿಗೆ ತೋಟಾದ್ದು. ಗುಳಿ ಉಗುರಿನ ಗುರುತಿನಷ್ಟು ತೆಳುವಾಗಿದ್ದರೆ ಫೈರಿಂಗ್ ಪಿನ್ (ಪ್ರೈಮರ್‌ಗೆ ಬಡಿಯುವ ಕಡ್ಡಿ), ಅದರ ಸ್ಪ್ರಿಂಗ್ ಅಥವಾ ಪೂರ್ತಿ ಮುಚ್ಚಿಕೊಳ್ಳದ ಬೋಲ್ಟ್‌ನ ಮೇಲೆ ಸಂಶಯ ಪಡಬೇಕು. ಪಾಯಿಂಟ್ 22 ರಿಮ್‌ಫೈರ್ ತೋಟಾಗಳಲ್ಲಿ ಹೊತ್ತಿಸುವ ಮದ್ದು ಕೇಸ್‌ನ ಅಂಚಿನೊಳಗೆ ಇರುವುದರಿಂದ ಅದು ಎಲ್ಲ ಕಡೆ ಸಮನಾಗಿ ಹರಡಿರದೆ ಇಂಥ ತೊಂದರೆ ಆಗಾಗ ಕಾಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಸದ್ದು ಮಾಮೂಲಿಗಿಂತ ಸಣ್ಣದಾಗಿ 'ಠುಸ್' ಎಂದು ಕೇಳಿಸಿ, ಭುಜಕ್ಕೆ ಬರಬೇಕಾದ ಒದೆತ ಬಾರದಿರುವುದು. ಕೇಸ್‌ನಲ್ಲಿ ಮದ್ದು ಕಡಿಮೆಯಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಪ್ರೈಮರ್‌ನ ಶಕ್ತಿಯೊಂದೇ ಗುಂಡನ್ನು ನಳಿಕೆಯೊಳಕ್ಕೆ ದೂಡಿ ಅಲ್ಲೇ ಸಿಕ್ಕಿಸಿಬಿಡುತ್ತದೆ. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಕೆ ಉಬ್ಬಬಹುದು, ಸಿಡಿದೂ ಹೋಗಬಹುದು. ಬೋಲ್ಟ್ ಎಳೆದು ಹೊಸ ತೋಟಾ ಸೇರಿಸಿ ಮುಂದುವರಿಯುವ ರೂಢಿಯಾದ ಕೈಚಳಕ ಇಲ್ಲಿ ಜೀವಕ್ಕೇ ಮುಳುವಾಗುತ್ತದೆ. ರೈಫಲನ್ನು ಪೂರ್ತಿ ಖಾಲಿ ಮಾಡಿ, ಬೋಲ್ಟ್ ಕಳಚಿ, ಚೇಂಬರ್ ಕಡೆಯಿಂದ ನಳಿಕೆಯ ಉದ್ದಕ್ಕೂ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಕಾಣದಿದ್ದರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ಗುಂಡನ್ನು ಹೊರತೆಗೆಯುವ ಕೆಲಸ ಬಂದೂಕು ರಿಪೇರಿ ಬಲ್ಲವರದು.

ಗುಂಡು ಸರಿಯಾಗಿಯೇ ಹಾರಿ, ಖಾಲಿ ಕೇಸ್ ಕಿಂಡಿಯಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಂಡಿದ್ದರೆ ಬೋಲ್ಟ್ ಸಾಕಷ್ಟು ಹಿಂದೆ ಹೋಗಿಲ್ಲವೆಂದು ತಿಳಿಯಬೇಕು. ಮ್ಯಾಗಜೀನ್ ತೆಗೆದು ಬೋಲ್ಟ್ ಎಳೆದರೆ ಕೇಸ್ ಬಿದ್ದುಹೋಗುತ್ತದೆ. ಅದರ ಕತ್ತಿನ ಸುತ್ತ ಮತ್ತು ಕೆಳಗಿನವರೆಗೂ ಮಸಿ ಹರಡಿದ್ದರೆ, ಒತ್ತಡ ಸಾಲದೆ ಕೇಸ್ ಚೇಂಬರ್‌ನ ಗೋಡೆಗೆ ಬಿಗಿಯಾಗಿ ಒತ್ತಿಕೊಂಡಿರಲಿಲ್ಲ ಎಂದರ್ಥ. ದುರ್ಬಲ ತೋಟಾಗಳಲ್ಲಿ, ಶಬ್ದಕ್ಕಿಂತ ಕಡಿಮೆ ವೇಗದ ತೋಟಾಗಳಲ್ಲಿ ಇದು ಸಾಮಾನ್ಯ. ಅದಕ್ಕೆ ಮೊದಲು ಹಾರಿದ ಕೇಸ್‌ಗಳು ಕಾಲಬುಡದಲ್ಲೇ ಬಿದ್ದಿದ್ದರೆ ಸಂಶಯಕ್ಕೆ ಇನ್ನಷ್ಟು ಬಲ ಬರುತ್ತದೆ.

ಎರಡು ತೋಟಾಗಳು ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡಾಗ ಮ್ಯಾಗಜೀನ್ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊದಲು ಬೋಲ್ಟ್ ಹಿಂದೆಳೆದು ಅಲ್ಲೇ ನಿಲ್ಲಿಸಬೇಕು, ಆಮೇಲೆ ಮ್ಯಾಗಜೀನನ್ನು ಕಿತ್ತು ತೆಗೆಯಬೇಕು, ಒಳಗೆ ಸಡಿಲವಾಗಿ ಉಳಿದವು ಬಿದ್ದ ಮೇಲೆ ಬೋಲ್ಟನ್ನು ಎರಡು ಮೂರು ಸಲ ಎಳೆದು ಬಿಟ್ಟು, ಚೇಂಬರ್ ಖಾಲಿಯಾಗಿದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು.

ಇನ್ನು ಚೇಂಬರ್‌ನಲ್ಲೇ ಕಚ್ಚಿಕೊಂಡ ಕೇಸ್. ಹಿತ್ತಾಳೆ ಸಿಡಿತದಲ್ಲಿ ಹಿಗ್ಗಿ ಮತ್ತೆ ಕುಗ್ಗುತ್ತದೆ. ಉಕ್ಕು ಅಷ್ಟಾಗಿ ಕುಗ್ಗುವುದಿಲ್ಲ, ಆದ್ದರಿಂದ ಕೊಳೆ ತುಂಬಿದ ಚೇಂಬರ್‌ನಲ್ಲಿ ಉಕ್ಕಿನ ಕೇಸ್ ಬೇಗ ಕಚ್ಚಿಕೊಳ್ಳುತ್ತದೆ. ಕೇಸ್‌ನ ಅಂಚು ಹರಿದಿದ್ದರೆ ಬೋಲ್ಟ್‌ನ ಕೊಂಡಿ ಎಳೆದಿದೆ, ಕೇಸ್ ಬಿಟ್ಟುಕೊಟ್ಟಿಲ್ಲ. ಒಳಗಿರುವುದು ಖಾಲಿ ಕೇಸೇ ಎಂದು ಖಚಿತವಾದರೆ ಮಾತ್ರ ನಳಿಕೆಯ ಬಾಯಿಯಿಂದ ಶುಚಿ ಮಾಡುವ ಸಲಾಕೆ ಇಳಿಸಿ ಮೆಲ್ಲನೆ ತಟ್ಟಿ ಹೊರಹಾಕಬಹುದು. ಸಿಡಿಯದ ತೋಟಾ ಸಿಕ್ಕಿಕೊಂಡಿದ್ದಾಗ ಸಲಾಕೆ ಮುಟ್ಟಲೂ ಕೂಡದು, ರೈಫಲ್‌ನ ಹಿಂಬದಿಯನ್ನು ನೆಲಕ್ಕೆ ಕುಟ್ಟಲೂ ಕೂಡದು.

ಮದ್ದಿನ ಒಂದು ಬದಲಾವಣೆ ಎಷ್ಟು ದೂರ ಒಯ್ಯಬಹುದೆಂಬುದನ್ನು ವಿಯೆಟ್ನಾಂ ಯುದ್ಧ ಕಾಲದ ಎಂ-16 ರೈಫಲ್ ತೋರಿಸಿತು. ಕಡ್ಡಿಯಾಕಾರದ ಕಣಗಳ ಮದ್ದಿಗೆ ಹೊಂದಿಕೊಂಡಿದ್ದ ರೈಫಲ್‌ಗೆ ದುಂಡುಕಣಗಳ ಮದ್ದು ತುಂಬಿದ ತೋಟಾಗಳನ್ನು ಕೊಡಲಾಯಿತು. ಮಸಿ ಹೆಚ್ಚಿತು, ಬೋಲ್ಟ್‌ನ ವೇಗವೂ ಹೆಚ್ಚಿತು, ಕೇಸ್‌ಗಳು ಚೇಂಬರ್‌ನಲ್ಲೇ ಉಳಿಯತೊಡಗಿದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದರ ವಿಚಾರಣೆ ನಡೆಸಿತು. ಚೇಂಬರ್‌ಗೆ ಕ್ರೋಮ್ ಲೇಪನವೂ ಬಂತು.

ದೋಷ ಮರುಕಳಿಸಿದರೆ ಒಮ್ಮೆಗೆ ಒಂದನ್ನೇ ಬದಲಿಸಿ ನೋಡಬೇಕು. ಮೊದಲು ಮ್ಯಾಗಜೀನ್, ಏಕೆಂದರೆ ಬಾಗಿದ ಅಂಚು, ಸೋತ ಸ್ಪ್ರಿಂಗ್ ತೋಟಾದ ದೋಷದಂತೆಯೇ ಕಾಣುತ್ತವೆ. ಆಮೇಲೆ ಬೇರೆ ಬ್ಯಾಚ್‌ನ ತೋಟಾ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎರಡನ್ನೂ ಬದಲಿಸಿದ ಮೇಲೂ ಅದೇ ತೊಂದರೆಯಾದರೆ ದೋಷ ರೈಫಲ್‌ನಲ್ಲಿದೆ.

ತುಂಬುವ ಮುನ್ನ ಪ್ರತಿ ತೋಟಾವನ್ನೂ ಒಮ್ಮೆ ಬೆರಳಾಡಿಸಿ ನೋಡುವುದು ನನ್ನ ದೃಷ್ಟಿಯಲ್ಲಿ ಅತ್ಯಗತ್ಯ. ನಗ್ಗಿದ ಕೇಸ್, ಹಸಿರು ಕಿಲುಬು, ಒಳಕ್ಕೆ ಸರಿದ ಗುಂಡು, ಹಿಂಬದಿಯಿಂದ ಎದ್ದು ನಿಂತ ಪ್ರೈಮರ್ ಇವು ಬೆರಳಿಗೆ ಸಿಗುತ್ತವೆ. ಒಳಕ್ಕೆ ಸರಿದ ಗುಂಡು ಒತ್ತಡವನ್ನು ಮಿತಿಮೀರಿ ಏರಿಸುತ್ತದೆ. ಕೇಸ್‌ನ ಹಿಂಬದಿಯಲ್ಲಿ ಮುದ್ರೆಯಾಗಿರುವ ಅಳತೆಯನ್ನೂ ಓದಬೇಕು. ಪಾಯಿಂಟ್ 300 ಬ್ಲ್ಯಾಕ್‌ಔಟ್ ತೋಟಾ 5.56 ಮಿ.ಮೀ. ರೈಫಲ್‌ನ ಮ್ಯಾಗಜೀನ್‌ನಲ್ಲಿ ಸರಾಗವಾಗಿ ಕೂರುತ್ತದೆ, ಕೆಲವೊಮ್ಮೆ ಚೇಂಬರ್‌ನಲ್ಲೂ ಕೂತುಬಿಡುತ್ತದೆ. ಆಗ ಸುಮಾರು 7.8 ಮಿ.ಮೀ. ಅಗಲದ ಗುಂಡು 5.7 ಮಿ.ಮೀ. ಗುಂಡಿಗೆಂದು ಕೊರೆದ ನಳಿಕೆಗೆ ನುಗ್ಗಬೇಕಾಗುತ್ತದೆ. ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳದೆ ತಡೆದು ನಿಂತಾಗ ಅದನ್ನು ಅಂಗೈಯಿಂದ ಗುದ್ದಿ ಮುಚ್ಚದೆ, ಒಳಗಿರುವ ತೋಟಾವನ್ನು ಹೊರತೆಗೆದು ಮುದ್ರೆ ಓದಿ.