ಕಡವೆ, ಹಂದಿ ಕಾಯುವ ಅಟ್ಟಣಿಗೆ: ಎಷ್ಟು ಎತ್ತರ, ಗದ್ದೆಯ ಯಾವ ಬದಿ

ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆ ಘಟ್ಟದ ಬುಡದಲ್ಲಿ ಗದ್ದೆಯಿರುವವರಿಗೆ ಏಣೆಲು (ಮಳೆಗಾಲದ ಮೊದಲ ಬೆಳೆ) ಪೈರು ತೆನೆ ಕಟ್ಟಿದ ಮೇಲೆ ನಿದ್ದೆಯಿಲ್ಲ. ಅಟ್ಟಣಿಗೆ ಕಟ್ಟಲು ಹೊರಟವರು ಮೊದಲು ಕೇಳುವುದು ಎತ್ತರವನ್ನು. ಮೊದಲು ನೋಡಬೇಕಾದದ್ದು ಗಾಳಿಯನ್ನು. ಹಂದಿಗೂ ಕಡವೆಗೂ ಕಣ್ಣಿಗಿಂತ ಮೂಗು ಚುರುಕು. ಇಪ್ಪತ್ತು ಅಡಿ ಮೇಲೆ ಕುಳಿತರೂ ನಿಮ್ಮ ವಾಸನೆ ಕಾಡಿನತ್ತ ಹೋದರೆ ಅವು ಕಾಡಂಚಿನಲ್ಲೇ ನಿಂತುಬಿಡುತ್ತವೆ, ನೀವು ಇಳಿದು ಹೋದ ಮೇಲೆ ಗದ್ದೆಗೆ ನುಗ್ಗುತ್ತವೆ.

ನಮ್ಮಲ್ಲಿ ಹಗಲು ಗಾಳಿ ಕಡಲಿನಿಂದ ಬರುತ್ತದೆ. ಹೊತ್ತು ಮುಳುಗಿ ನೆಲ ತಣ್ಣಗಾದ ಮೇಲೆ ತಿರುಗಿ, ಘಟ್ಟದ ತಂಪುಗಾಳಿ ಕಣಿವೆಗುಂಟ ಕೆಳಗಿಳಿಯುತ್ತದೆ. ಕಾಡು ಮೂಡಲಿಗಿದ್ದರೆ ಅಟ್ಟಣಿಗೆ ಗದ್ದೆಯ ಪಡುಬದಿಯಲ್ಲಿರಲಿ. ರಾತ್ರಿಯ ಗಾಳಿ ಕಾಡಿನ ಕಡೆಯಿಂದ ನಿಮ್ಮ ಮುಖಕ್ಕೆ ಬರುತ್ತದೆ. ಮಳೆಗಾಲದ ಪಡುಗಾಳಿ ಇನ್ನೂ ಬಿಡದ ದಿನಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆದ್ದರಿಂದ ಕಟ್ಟುವ ಮೊದಲು ಮೂರು ನಾಲ್ಕು ಸಂಜೆ, ಏಳು ಗಂಟೆಗೂ ಒಂಬತ್ತಕ್ಕೂ, ಅಟ್ಟಣಿಗೆ ಕಟ್ಟಲಿರುವ ಮರದ ಬುಡದಲ್ಲಿ ಬೂರುಗದ ಹತ್ತಿಯ ಎಳೆ ಹಾರಿಸಿ ಅದು ಹೋಗುವ ದಿಕ್ಕು ಗುರುತಿಸಿ.

ಪಡುಬದಿಗೆ ಇನ್ನೊಂದು ಕಾರಣವಿದೆ. ತಗಡು ಬಡಿದಾಗ ಪ್ರಾಣಿ ಬಂದ ದಾರಿಯಲ್ಲೇ ಕಾಡಿಗೆ ಮರಳಬೇಕು. ಕಾಡಿಗೂ ಗದ್ದೆಗೂ ನಡುವೆ ನೀವು ಕುಳಿತರೆ ಸದ್ದಿಗೆ ಹೆದರಿದ ಹಂದಿ ಹಿಂಡು ಪೈರಿನೊಳಗೇ ನುಗ್ಗುತ್ತದೆ, ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗುತ್ತದೆ. ಬೇಲಿಯಲ್ಲಿ ಅವು ನುಸುಳುವ ಕಂಡಿಯನ್ನು ಹೆಜ್ಜೆ ಗುರುತು, ಕೆಸರು ಉಜ್ಜಿದ ಮರ ನೋಡಿ ಪತ್ತೆಹಚ್ಚಿ. ಅಲ್ಲಿಂದ 30ರಿಂದ 40 ಮೀಟರ್ ದೂರ ಸಾಕು. ಕಂಡಿಯ ನೇರ ಮೇಲೆ ಕಟ್ಟಬೇಡಿ.

ಎತ್ತರವನ್ನು ಮರದ ಬುಡದಿಂದಲ್ಲ, ಪ್ರಾಣಿ ನಿಲ್ಲುವ ನೆಲದಿಂದ ಅಳೆಯಬೇಕು. ಸಮತಟ್ಟಾದ, ನಡುಮಟ್ಟದ ಮಜಲು ಗದ್ದೆಗೆ 12 ಅಡಿ ಸರಿ. ಮೇಲ್ಮಟ್ಟದ ಬೆಟ್ಟುಗದ್ದೆಯ ಅಂಚಿನಲ್ಲಿ ನೆಲವೇ ಎತ್ತರವಿರುವುದರಿಂದ ಮರದ ಬುಡದಿಂದ 10 ಅಡಿಯೂ ಸಾಕಾಗುತ್ತದೆ. ತಗ್ಗಿನ ಬೈಲುಗದ್ದೆಯ ಮಗ್ಗುಲಲ್ಲೇ ಗುಡ್ಡವಿದ್ದರೆ 15 ಅಡಿಗೆ ಹೋಗಿ. ಇಲ್ಲವಾದರೆ ಇಳಿಜಾರಿನಲ್ಲಿ ನಿಂತ ಕಡವೆಯ ಕಣ್ಣಿಗೂ ನಿಮ್ಮ ಕಣ್ಣಿಗೂ ಒಂದೇ ಮಟ್ಟವಾಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಕೊಂಬೆ ಎಲೆ ಅಡ್ಡ ಬರುತ್ತವೆ, ಮರದ ತೂಗಾಟ ಹೆಚ್ಚುತ್ತದೆ, ಬಿದ್ದರೆ ಉಳಿಯುವ ಭರವಸೆ ಕಡಿಮೆ. ಕೊಕ್ಕೊ, ಬಾಳೆ ಬೆಳೆದ ಅಡಿಕೆ ತೋಟದೊಳಗಂತೂ 12 ಅಡಿಯಿಂದ ಕಾಣುವುದು ಬರೀ ಎಲೆ. ಅಲ್ಲಿ ತೋಟದ ಹೊರ ಅಂಚಿಗೆ ಬನ್ನಿ.

ಆನೆ ಬರುವ ಜಾಗದಲ್ಲಿ ಮಾತು ಬೇರೆ. 12 ಅಡಿ ಆನೆಯ ಸೊಂಡಿಲಿಗೆ ಸುಲಭವಾಗಿ ಎಟಕುವ ಎತ್ತರ, ಬಿದಿರಿನ ಕಂಬ ಅದಕ್ಕೆ ಲೆಕ್ಕಕ್ಕಿಲ್ಲ. ಆನೆದಾರಿಯಲ್ಲಿ ಅಟ್ಟಣಿಗೆಯೇ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಮನೆಯೊಳಗಿರಿ.

ಮರ ಆರಿಸುವಾಗ ಎದೆಮಟ್ಟದಲ್ಲಿ ಕನಿಷ್ಠ ನಾಲ್ಕು ಅಡಿ ಸುತ್ತಳತೆ ಇರಲಿ. ಮಾವು, ಹಲಸು, ಹುಣಾಲು, ಕಿರಾಲುಬೋಗಿ ನಂಬಬಹುದು. ಹಾಲೆಮರ, ಬೂರುಗ, ರಬ್ಬರು ಮೆದು, ಕೊಂಬೆ ಮುರಿಯುತ್ತವೆ. ಅಕೇಶಿಯಾ ಗಾಳಿಗೆ ಬುಡಸಮೇತ ಉರುಳುತ್ತದೆ. ತೆಂಗಿನ ಕೆಳಗೆ ಕಾಯಿಯ ಭಯ. ಮಾವಿನಲ್ಲಿ ಚಗಳಿ (ಕೆಂಪಿರುವೆ) ಗೂಡು, ಯಾವ ಮರದಲ್ಲಾದರೂ ಕಣಜ ಅಥವಾ ಹೆಜ್ಜೇನು ಇದ್ದರೆ ಆ ಮರ ಬಿಡಿ. ಪ್ರತಿ ಸಂಜೆ ಹತ್ತುವ ಮೊದಲು ಅಟ್ಟಣಿಗೆಯ ಹಾಸಿನ (ಕೂರುವ ನೆಲದ) ಮೇಲೆ ಟಾರ್ಚ್ ಹಾಯಿಸಿ, ಹಾವು ಸುತ್ತಿಕೊಂಡಿರಬಹುದು.

ಭಾರವನ್ನೆಲ್ಲ ಮರದ ಮೇಲೆ ಹಾಕಬೇಡಿ. ಬಲಿತ ಬಿದಿರಿನ ಎರಡು ಕಂಬ ನೆಲದಲ್ಲಿ ಎರಡಡಿ ಆಳಕ್ಕೆ ಹೂಳಿ, ಇನ್ನೆರಡು ಬದಿಯನ್ನು ಮರದ ಕವಲಿಗೆ ಹಗ್ಗದಿಂದ ಬಿಗಿಯಿರಿ. ಮೊಳೆ ಬೇಡ: ಮರ ತೂಗಿದಾಗ ಮೊಳೆ ಸಡಿಲುತ್ತದೆ, ಹಗ್ಗ ಸ್ವಲ್ಪ ಎಳೆದುಕೊಂಡು ನಿಲ್ಲುತ್ತದೆ. ಇಬ್ಬರಿಗೆ ನಾಲ್ಕಡಿ ಅಗಲ, ಆರಡಿ ಉದ್ದ. ಹಾಸುವುದಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ಅದರ ಮೇಲೆ ಎರಡು ಪದರ ಗೋಣಿ; ಗೋಣಿಯಿಲ್ಲದಿದ್ದರೆ ಮಗ್ಗುಲು ತಿರುಗಿದಾಗಲೆಲ್ಲ ದಬ್ಬೆ ಕಿರುಗುಟ್ಟುತ್ತದೆ. ಕೈಗಂಬಿ ಹಾಸಿನಿಂದ ಒಂದೂವರೆ ಅಡಿ ಎತ್ತರಕ್ಕೊಂದು, ಮೂರಡಿ ಎತ್ತರಕ್ಕೊಂದು. ಮಣೆಯ ಮೇಲೆ ಕುಳಿತರೆ ಇವೆರಡರ ನಡುವೆ ಗದ್ದೆ ಕಾಣುತ್ತದೆ. ಮಾಡಿಗೆ (ಚಾವಣಿಗೆ) ತೆಂಗಿನ ಮಡಲು.

12 ಅಡಿಗೆ 16 ಅಡಿಯ ಏಣಿ ಬೇಕು. ಬುಡ ಮೂರಡಿ ಹೊರಗೆ, ತುದಿ ಹಾಸಿಗಿಂತ ಮೂರಡಿ ಮೇಲೆ, ಮೇಲೂ ಕೆಳಗೂ ಕಟ್ಟಿದ್ದಿರಲಿ. ಹೆಚ್ಚಿನವರು ಬೀಳುವುದು ಕುಳಿತಾಗ ಅಲ್ಲ, ಏಣಿಯಿಂದ ಹಾಸಿಗೆ ಕಾಲಿಡುವಾಗ, ಅದೂ ಕೈಯಲ್ಲಿ ಟಾರ್ಚು ಫ್ಲಾಸ್ಕು ಹಿಡಿದುಕೊಂಡು. ಸಾಮಾನನ್ನು ಹಗ್ಗದಲ್ಲಿ ಆಮೇಲೆ ಎಳೆದುಕೊಳ್ಳಿ. ತೂಕಡಿಕೆ ಬರುವುದು ಖಂಡಿತ. ಮರ ಹತ್ತುವವರು ಬಳಸುವ ಪೂರ್ತಿ ಮೈಯ ಬೆಲ್ಟ್ ಹಾಕಿ, ಹಗ್ಗವನ್ನು ತಲೆಗಿಂತ ಮೇಲೆ ಕಾಂಡಕ್ಕೆ ಕಟ್ಟಿ. ಸೊಂಟಕ್ಕೆ ಬರೀ ಹಗ್ಗ ಕಟ್ಟಿದರೆ ಬಿದ್ದಾಗ ಅದೇ ಉಸಿರು ಕಟ್ಟಿಸುತ್ತದೆ.

ಅಕ್ಟೋಬರ್, ನವೆಂಬರಿನ ಸಂಜೆ ಗುಡುಗು ಕೇಳಿದ ಕೂಡಲೇ ಇಳಿದು ಮನೆಗೆ ನಡೆಯಿರಿ. ಒಂಟಿ ಮರವಾದರೆ ಸಿಡಿಲಿಗೆ ಮೊದಲ ಗುರಿ ಅದೇ.

ಅಟ್ಟಣಿಗೆ ನಿಮ್ಮ ಸ್ವಂತ ಜಾಗದಲ್ಲೇ ಇರಲಿ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಕಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಡವೆ, ಕಾಡುಕುರಿ, ಬರಿಂಕಗಳ (ಜಿಂಕೆಯಂಥ ಪುಟ್ಟ ಪ್ರಾಣಿ) ಬೇಟೆ ಅಪರಾಧ. ಉರುಳು ಒಡ್ಡುವುದೂ ಬೇಟೆಯೇ. ಬೇಲಿಗೆ ಮನೆಯ ಕರೆಂಟು ಹರಿಸಿದರೆ ನೆರೆಮನೆಯವರ ಜೀವವೂ ಹೋಗಬಹುದು. ತಗಡು, ಟಾರ್ಚು, ಗಂಟಲು ಇಷ್ಟೇ ಸಾಕು. ಒಂದೇ ಸದ್ದಿಗೆ ಅವು ಬೇಗ ಒಗ್ಗಿಕೊಳ್ಳುತ್ತವೆ. ದಿನ ಬಿಟ್ಟು ದಿನ ಸದ್ದು ಬದಲಿಸಿ. ಕೊಯ್ಲು ಮುಗಿದ ವಾರದಲ್ಲೇ ಹಗ್ಗ, ದಬ್ಬೆ ಬಿಚ್ಚಿ ಒಳಗಿಡಿ. ಒಂದು ಮಳೆಗಾಲ ನೆನೆದ ಹಗ್ಗ ನೋಡಲು ಗಟ್ಟಿಯಿದ್ದರೂ ಮರುವರ್ಷಕ್ಕೆ ಬೇಡ.