ಯುದ್ಧ ನಡೆದ ತಿಂಗಳಲ್ಲೇ ಹೊರಡಿ: ಬಯಲು ತೋರಿಸುವ ಟ್ರಿಪ್ ಗೆದ್ದ ನನ್ನ ಅನುಭವ

ಯುದ್ಧಭೂಮಿ ಟ್ರಿಪ್‌ಗೆ ಮೈಸೂರಿನಲ್ಲಿ ಜನ ಸಿಗುವುದಿಲ್ಲ ಎಂದವರೇ ಈಗ ಫೋನ್ ಮಾಡಿ ರೂಟ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಗಾಡಿ ಗೊತ್ತು ಮಾಡುವುದು, ಮ್ಯಾಪಿನಲ್ಲಿ ಪಿನ್ ಹಾಕುವುದು, ವಾಟ್ಸಾಪ್ ಗ್ರೂಪ್ ಕಟ್ಟುವುದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನಾನು ಮಾಡಿದ್ದು ಇಷ್ಟು. ಸ್ಮಾರಕಗಳ ಪಟ್ಟಿ ಕೈಬಿಟ್ಟೆ. ಯುದ್ಧ ಯಾವ ತಿಂಗಳಲ್ಲಿ ನಡೆಯಿತೋ ಅದೇ ತಿಂಗಳು, ಆಗುವುದಾದರೆ ಅದೇ ದಿನ, ಅದೇ ಹೊತ್ತಿಗೆ ಜನರನ್ನು ಕರೆದುಕೊಂಡು ಹೋದೆ. ದಾರಿಯನ್ನೂ ಸೈನ್ಯ ಬಂದ ಹಾಗೇ ಹಿಡಿದೆ. ಸೈನ್ಯ ಬರುವುದು ನೀರು, ಮೇವು ನೋಡಿಕೊಂಡು. ಹಾಗಾಗಿ ಕೆರೆಯಿಂದ ಕೆರೆಗೆ, ಹೊಳೆ ದಾಟುವ ಕಡವಿನಿಂದ ಕಡವಿಗೆ.

ಟ್ರಾವೆಲ್ಸ್ ನಡೆಸುವ ಗೆಳೆಯರೊಬ್ಬರು ಮುಖದ ಮೇಲೇ ಹೇಳಿದ್ದರು: "ಸಾರ್, ಅರಮನೆ, ಬೆಟ್ಟ, ಬೃಂದಾವನ, ಇಷ್ಟಕ್ಕೇ ಜನ ದುಡ್ಡು ಬಿಚ್ಚೋದು. ಕಬ್ಬಿನ ಗದ್ದೆ ತೋರಿಸಿ ಸಾವಿರ ರೂಪಾಯಿ ಕೇಳಿದ್ರೆ ಯಾರು ಬರ್ತಾರೆ?"

ಮೊದಮೊದಲು ಅವರ ಮಾತೇ ನಿಜವಾಗುವ ಹಾಗಿತ್ತು. ದಸರಾ ರಜೆಗೆ ಎಂದು ಅಕ್ಟೋಬರಿನಲ್ಲಿ ಒಂದು ದಿನದ ಟ್ರಿಪ್ ಹಾಕಿದ್ದೆ. ಶ್ರೀರಂಗಪಟ್ಟಣ, ಅರಕೆರೆ, ಮಳವಳ್ಳಿ, ಎಲ್ಲವೂ ಒಂದೇ ದಿನ. ಅರ್ಧ ಗಾಡಿಯೂ ತುಂಬಲಿಲ್ಲ. ಆರೇಳು ಸಾವಿರ ಕೈಯಿಂದ ಹೋಯಿತು. ದುಡ್ಡಿಗಿಂತ ಬೇಜಾರಾಗಿದ್ದು ಇನ್ನೊಂದಕ್ಕೆ. "ಇಲ್ಲಿ ಎತ್ತಿಗೆ ಹಿಡಿ ಮೇವು ಸಿಗದೆ ಒಂದು ದೊಡ್ಡ ಸೈನ್ಯ ವಾಪಸ್ ಹೋಯಿತು" ಎಂದು ನಾನು ಹೇಳುತ್ತಿದ್ದೇನೆ. ಜನರ ಎದುರಿಗೆ ನಾಲೆ ತುಂಬ ನೀರು, ಕಣ್ಣು ಹಾಯುವಷ್ಟು ದೂರ ಹಸಿರು ಭತ್ತ, ಬದುವಿನ ಮೇಲೆ ತೆಂಗು. ಯಾರು ನಂಬುತ್ತಾರೆ? ಸುಮ್ನೆ ತಲೆಯಾಡಿಸಿದರು, ಫೋಟೋ ತೆಗೆದುಕೊಂಡರು, ಶಿವನಸಮುದ್ರಕ್ಕೆ ಯಾವಾಗ ಹೋಗುತ್ತೇವೆ ಎಂದು ಕೇಳಿದರು.

ಅಲ್ಲಿಂದಲೇ ತಿಂಗಳ ಲೆಕ್ಕ ಹಿಡಿದೆ.

ಅರಕೆರೆಯನ್ನೇ ತೆಗೆದುಕೊಳ್ಳಿ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮೇ 13ಕ್ಕೆ ಅಲ್ಲಿಗೆ ಬಂದ. ಅಲ್ಲೇ ಕಾವೇರಿ ದಾಟುವ ಲೆಕ್ಕ ಅವನದು. ಹೊಳೆ ದಾಟುವ ಹಾಗಿರಲಿಲ್ಲ. 14ರ ರಾತ್ರಿ ಟಿಪ್ಪುವಿನ ಪಡೆಯ ಮೇಲೆ ಗುಟ್ಟಾಗಿ ಬೀಳಲು ಹೊರಟ. ಗುಡುಗು ಮಳೆ ಹಿಡಿಯಿತು. ಕತ್ತಲಲ್ಲಿ ಸಾಲುಗಳು ದಾರಿ ತಪ್ಪಿದವು. 15ರಂದು ಕಾಳಗ ಗೆದ್ದ, ಆದರೆ ಶ್ರೀರಂಗಪಟ್ಟಣ ಸಿಗಲಿಲ್ಲ. ಎತ್ತುಗಳು ಸಾಯುತ್ತಿದ್ದವು, ದವಸ ಮುಗಿದಿತ್ತು. ಕನ್ನಂಬಾಡಿಯ ತನಕ ಹೋಗಿ, ಕೋಟೆ ಒಡೆಯಲು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿನ ದಾರಿ ಹಿಡಿದ. ಆ ಹಳೇ ಕನ್ನಂಬಾಡಿ ಈಗ ಕೆಆರ್‌ಎಸ್ ನೀರಿನಡಿ ಇದೆ.

ಇದನ್ನು ಅಕ್ಟೋಬರಿನಲ್ಲಿ ಹೇಳಿದರೆ ಕಥೆ. ಮೇ ನಡುವಿನಲ್ಲಿ ಅರಕೆರೆಗೆ ಕರೆದುಕೊಂಡು ಹೋಗಿ. ನಾಲ್ಕು ಗಂಟೆ ತನಕ ನೆಲ ಕಾಯುತ್ತದೆ. ನಾಲೆಗೆ ನೀರು ಬಿಟ್ಟಿರದಿದ್ದರೆ ಗದ್ದೆಯಲ್ಲಿ ಒಣ ಕೂಳೆ ಬಿಟ್ಟರೆ ಏನೂ ಇರುವುದಿಲ್ಲ. ನಮ್ಮ ತಂಡ ಹೋದಾಗ ಐದಕ್ಕೆ ಮೋಡ ಕಟ್ಟಿತು, ಐದೂವರೆಗೆ ಗುಡುಗು ಸಮೇತ ಸುರಿಯಿತು. ಅರ್ಧ ಗಂಟೆ ಅಷ್ಟೇ. ಅಷ್ಟರಲ್ಲಿ ನಾವು ಬಂದಿದ್ದ ಗಾಡಿ ಜಾಡು ಕೆಸರಾಗಿ, ಹೆಜ್ಜೆ ಇಟ್ಟರೆ ಚಪ್ಪಲಿಯ ಜೊತೆ ಅಂಗೈ ದಪ್ಪ ಮಣ್ಣು ಮೇಲೆ ಬರುತ್ತಿತ್ತು. ಹೊಂಗೆ ಮರದ ಕೆಳಗೆ ನಿಂತಿದ್ದ ಬ್ಯಾಂಕಿನ ಮೇಡಂ ಒಬ್ಬರು ಕೇಳಿದರು: "ಇದರಲ್ಲಿ ತೋಪು ಹೇಗೆ ಎಳೆದರು ಸಾರ್?" ಆ ಪ್ರಶ್ನೆ ಅವರ ಬಾಯಿಂದಲೇ ಬಂತಲ್ಲ, ಅಲ್ಲಿಗೆ ಟ್ರಿಪ್ ಗೆದ್ದ ಹಾಗೆ. ಆಮೇಲೆ ಶಿವನಸಮುದ್ರ ಯಾರೂ ಕೇಳಲಿಲ್ಲ.

ಮಳವಳ್ಳಿಗೆ ಮಾರ್ಚ್ ಕೊನೆ ವಾರ. 1799ರ ಮಾರ್ಚ್ 27ರ ಕಾಳಗ ಅದು. ಊರಿನ ಪಡುವಣಕ್ಕೆ ಏರು ಜಮೀನಿದೆ, ಟಿಪ್ಪು ನಿಂತಿದ್ದು ಆ ಕಡೆ. ಮುಂದೆ ವಾಟರ್ಲೂ ಗೆದ್ದ ವೆಲ್ಲೆಸ್ಲಿ ಇಲ್ಲಿ ಒಂದು ಪಕ್ಕ ನಡೆಸುತ್ತಿದ್ದ ಕರ್ನಲ್. ನಮ್ಮ ಡ್ರೈವರ್ ಮೊದಲ ಸಲ ರಸ್ತೆ ಪಕ್ಕ ಗಾಡಿ ಸ್ಲೋ ಮಾಡಿ, "ಏನೈತೆ ಅಂತ ನಿಲ್ಲಿಸ್ಲಿ ಅಣ್ಣಾ ಇಲ್ಲಿ?" ಎಂದಿದ್ದ. ಈಗ ಹೊಸಬರಿಗೆ ಅವನೇ ಕೈ ತೋರಿಸಿ ಹೇಳುತ್ತಾನೆ.

ಬಯಲಿನಲ್ಲಿ ಏನೂ ಇಲ್ಲ ಎನ್ನುವ ದೂರಿಗೆ ನಾನು ಕಂಡುಕೊಂಡ ಮದ್ದು ಮಳವಳ್ಳಿಯದೇ. ತಂಡವನ್ನು ಎರಡು ಮಾಡುತ್ತೇನೆ. ಅರ್ಧ ಜನ ಏರಿನ ಮೇಲೆ, ಅರ್ಧ ಜನ ಕೆಳಗೆ ಇಳಿಜಾರಿನ ಬುಡದಲ್ಲಿ. ಎರಡು ಕಡೆಯೂ ಫೋನ್ ಆನ್. ಕೆಳಗಿನವರು ಮೆಲ್ಲಗೆ ಮೇಲಕ್ಕೆ ನಡೆಯಬೇಕು. ಮೇಲಿದ್ದವರಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಬರೀ ತಲೆ. ಆಮೇಲೆ ಇದ್ದಕ್ಕಿದ್ದಂತೆ ಪೂರಾ ಆಳು, ಅದೂ ತೀರಾ ಹತ್ತಿರದಲ್ಲಿ. ಕೆಳಗಿನವರಿಗೂ ಅಷ್ಟೇ, ಮೇಲಿನವರು ಎಷ್ಟು ಜನ ಎಂದು ಕೊನೆ ತನಕ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ಹೊಳೆಯದ್ದು ಕಾಲು ಗಂಟೆಯಲ್ಲಿ ಹೊಳೆಯುತ್ತದೆ. ಇದಕ್ಕೆ ಸರಿಯಾದ ಏರು ಹುಡುಕಲು ನನಗೆ ಎರಡು ಬೇಸಿಗೆ ಹಿಡಿಯಿತು. ಅದು ಎಲ್ಲಿದೆ ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಹುಡುಕಿ, ಸಿಗುತ್ತದೆ.

ಮಳವಳ್ಳಿಯಿಂದ ನೇರ ಶ್ರೀರಂಗಪಟ್ಟಣಕ್ಕೆ ಬರಬೇಡಿ. 1799ರ ಇಂಗ್ಲಿಷ್ ಸೈನ್ಯದ ದಂಡನಾಯಕ ಜನರಲ್ ಹ್ಯಾರಿಸ್ ಹಾಗೆ ಬರಲಿಲ್ಲ. 1791ರ ದಾರಿಯಲ್ಲೇ ಬರುತ್ತಾನೆ ಎಂದು ಟಿಪ್ಪು ಆ ಕಡೆಯ ಮೇವೆಲ್ಲ ಸುಡಿಸಿದ್ದ. ಹ್ಯಾರಿಸ್ ತೆಂಕಣಕ್ಕೆ ತಿರುಗಿ ಸೋಸಲೆ ಹತ್ತಿರ ಹೊಳೆ ದಾಟಿದ. ತಿ. ನರಸೀಪುರದ ಪಕ್ಕದ ಸೋಸಲೆಯೇ. ಮಾರ್ಚ್ ಕೊನೆಗೆ ಅಲ್ಲಿ ದಡದಲ್ಲಿ ನಿಂತರೆ ಆ ತೀರ್ಮಾನ ಯಾಕೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನು ಶ್ರೀರಂಗಪಟ್ಟಣ. ಎಲ್ಲರೂ ಬೆಳಿಗ್ಗೆ ತಂಪಿನಲ್ಲಿ ತೋರಿಸುತ್ತಾರೆ. ನಾನು ಮೇ 4ರಂದು ಮಧ್ಯಾಹ್ನ ಒಂದು ಗಂಟೆಗೆ ಕೋಟೆ ಒಡೆದ ಜಾಗದಲ್ಲಿ ನಿಲ್ಲಿಸುತ್ತೇನೆ. 1799ರಲ್ಲಿ ಇಂಗ್ಲಿಷ್ ಜನರಲ್ ಬೇರ್ಡ್ ನುಗ್ಗಿದ್ದು ಆ ಹೊತ್ತಿಗೇ. ಬಿಸಿಲಿಗೆ ಕಾವಲಿನವರು ಸಡಿಲವಾಗಿರುತ್ತಾರೆ ಎಂಬ ಲೆಕ್ಕ. ಹೊಳೆ ಬತ್ತಿ ಬಂಡೆ ಕಾಣುವ ತಿಂಗಳು ಅದು. ಜೂನಿನಲ್ಲಿ ಮುಂಗಾರಿನ ನೀರು ಬಂದರೆ ಮುತ್ತಿಗೆಯೇ ಮುಗಿದ ಹಾಗೆ, ಎರಡೂ ಕಡೆಯವರಿಗೆ ಇದು ಗೊತ್ತಿತ್ತು. ಟೋಪಿ, ಛತ್ರಿ, ಒಂದು ಕ್ಯಾನ್ ಮಜ್ಜಿಗೆ ಇಟ್ಟುಕೊಳ್ಳಿ. ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಿಸಬೇಡಿ. ವಯಸ್ಸಾದವರನ್ನು ನೆರಳಿನಲ್ಲೇ ಕೂರಿಸಿ.

ಒಂದು ಎಚ್ಚರ. ಹಿಂದಿನ ವಾರದಿಂದಲೇ ಪತ್ರಿಕೆಯಲ್ಲಿ ಕೆಆರ್‌ಎಸ್ ಮಟ್ಟ, ಹೊರಹರಿವು ನೋಡುತ್ತಾ ಇರಿ. ಹೊಳೆಗೆ ನೀರು ಬಿಟ್ಟಿದ್ದರೆ ಬಂಡೆ ಮುಳುಗಿರುತ್ತದೆ, ಅರ್ಧ ಕಥೆ ಹೋಯಿತು. ಮತ್ತೆ, ಬಂಡೆ ಕಾಣುತ್ತದೆ ಅಂತ ಯಾರನ್ನೂ ಹೊಳೆಗೆ ಇಳಿಸಬೇಡಿ. ಅಲ್ಲಿ ಮಡುಗಳಿವೆ. ಸೈನಿಕರು ದಾಟಿದ ಅಗಲ ಸುಮಾರು 280 ಗಜ. ಅಷ್ಟು ದೂರವನ್ನು ನಾವು ದಡದ ರಸ್ತೆಯಲ್ಲಿ ಅಳೆದು, ಬೆನ್ನಿಗೆ ಹತ್ತು ಕೆಜಿ ಅಕ್ಕಿ ಬ್ಯಾಗು ಹಾಕಿ ಹುಡುಗರನ್ನು ಓಡಿಸಿದ್ದೇವೆ. ಸಮ ರಸ್ತೆಯಲ್ಲೇ ಏದುಸಿರು ಬಂತು.

ಹಳ್ಳಿಗಳಲ್ಲಿ ಒಂದು ತಾಪತ್ರಯ ಇದೆ, ನಿಮಗೂ ಆಗುತ್ತದೆ. ಹತ್ತು ಜನ ಹೊಲದಲ್ಲಿ ನಿಂತು ಮೊಬೈಲ್ ನೋಡಿ ಕೈ ತೋರಿಸುತ್ತಿದ್ದರೆ ಸೈಟ್ ಬ್ರೋಕರ್‌ಗಳು ಅಂತಲೇ ಲೆಕ್ಕ. ಬೆಂಗಳೂರು ಹೆದ್ದಾರಿ ಆದ ಮೇಲಂತೂ ಜಾಸ್ತಿ. ಒಬ್ಬ ಯಜಮಾನರು ಕುಡುಗೋಲು ಹಿಡಿದೇ ಬಂದು, "ಎಕರೆಗೆ ಎಷ್ಟು ಹೇಳವ್ರೆ ನಿಮ್ಗೆ?" ಎಂದರು. ಕಾಳಗದ ವಿಷಯ ಎಂದು ಗೊತ್ತಾದ ಮೇಲೆ ಅವರೇ ಹಳೇ ದಾರಿ ತೋರಿಸಿದರು, ಎಳನೀರು ಕೊಚ್ಚಿ ಕೊಟ್ಟರು. ಹಾಗಾಗಿ ಟ್ರಿಪ್‌ಗೆ ಒಂದು ವಾರ ಮುಂಚೆ ಒಬ್ಬನೇ ಬೈಕಿನಲ್ಲಿ ಹೋಗಿ, ಅರಳಿಕಟ್ಟೆ ಹತ್ತಿರದ ಟೀ ಅಂಗಡಿಯಲ್ಲಿ ಒಂದು ಗಂಟೆ ಕೂರುತ್ತೇನೆ. ಹೋಗುವಾಗ ಒಂದು ವಸ್ತು ಜೊತೆಗಿರುತ್ತದೆ, ಅದನ್ನು ನೋಡಿದರೆ ಹಿರಿಯರು ತಾವೇ ಮಾತು ತೆಗೆಯುತ್ತಾರೆ. ಅದು ಏನೆಂದು ಈಗ ಬೇಡ.

ದುಡ್ಡಿನ ಲೆಕ್ಕ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ಗೆ ಕಿಲೋಮೀಟರಿಗೆ 22ರ ಆಸುಪಾಸು, ದಿನಕ್ಕೆ ಮಿನಿಮಮ್ 300 ಕಿಲೋಮೀಟರ್. ನಮ್ಮ ಸುತ್ತು 120 ಕೂಡ ದಾಟುವುದಿಲ್ಲ, ದುಡ್ಡು ಮಾತ್ರ 300ಕ್ಕೆ. ಮೊದಲಿನ ನಷ್ಟ ಎಲ್ಲ ಇದರಿಂದಲೇ. ಈಗ ಲೋಕಲ್ ಪ್ಯಾಕೇಜ್ ಮಾತಾಡಿ ಐದು ಸಾವಿರದೊಳಗೆ ಮುಗಿಸುತ್ತೇನೆ. ತಲೆಗೆ 900 ತೆಗೆದುಕೊಳ್ಳುತ್ತೇನೆ, ಹನ್ನೊಂದು ಜನ. ತಿಂಡಿ ಊಟ ತಲೆಗೆ 250. ಕೈಯಲ್ಲಿ ಎರಡು ಸಾವಿರ ಉಳಿದರೆ ಹೆಚ್ಚು. ಲಾಭ ಬಂದಿದ್ದು ಮಳವಳ್ಳಿ, ಶ್ರೀರಂಗಪಟ್ಟಣ, ಅರಕೆರೆ ಮೂರನ್ನೂ ಒಂದೇ ಸರಣಿಯಾಗಿ ಮಾಡಿದ ಮೇಲೆ. ಮಾರ್ಚ್‌ಗೆ ಬಂದವರು ಮೇ ತಿಂಗಳಿಗೂ ಬರುತ್ತಾರೆ, ಜಾಹೀರಾತಿನ ಖರ್ಚೇ ಇಲ್ಲ.

ನಡುವೆ ಒಂದು ಹುಚ್ಚು ಹಿಡಿದಿತ್ತು. ಆಗಿನ ಸೈನ್ಯ ನಡೆಯುತ್ತಿದ್ದುದು ಎತ್ತಿನ ವೇಗದಲ್ಲಿ, ಹಾಗಾದರೆ ಆ ವೇಗ ಎಷ್ಟು? ಗೊತ್ತಿರುವವರ ಹಳ್ಳಿಕಾರ್ ಜೋಡಿ ಕೇಳಿ, ಗಾಡಿಗೆ ಮರಳಿನ ಮೂಟೆ ಹೇರಿ ಅರಕೆರೆಯಿಂದ ಹೊರಟೆವು. ಟಾರು ರಸ್ತೆಯಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ಬಂತು. ಮಣ್ಣಿನ ಜಾಡಿಗೆ ಇಳಿದ ಕೂಡಲೇ ಮೂರಕ್ಕಿಂತ ಕಡಿಮೆ. ಏರಿನಲ್ಲಿ ನಾವೇ ಗಾಲಿಗೆ ಕೈ ಕೊಟ್ಟೆವು. ಅದೂ ಹೊಟ್ಟೆ ತುಂಬ ತಿಂದ, ಮನೆಯಲ್ಲಿ ಸಾಕಿದ ಎತ್ತು. ಹೈದರ್ ಇಂಥ ತಳಿಯ ಎತ್ತು ಕಟ್ಟಿಕೊಂಡು ಎರಡೂವರೆ ದಿನದಲ್ಲಿ ನೂರು ಮೈಲಿ ಹೋಗಿ ಚಿದಂಬರ ತಲುಪಿದ ಎಂದು ಅಮೃತಮಹಲ್ ತಳಿಯ ಚರಿತ್ರೆಯಲ್ಲಿ ಹೇಳುತ್ತಾರೆ. ಆ ದಿನ ಗಾಡಿಯ ಹಿಂದೆ ನಡೆದ ಮೇಲೆ ಆ ನೂರು ಮೈಲಿಯ ಬೆಲೆ ನನಗೆ ಗೊತ್ತಾಯಿತು. ಇದನ್ನು ಟ್ರಿಪ್‌ನಲ್ಲಿ ಸೇರಿಸಲು ನೋಡಿದೆ, ಹೊತ್ತು ಸಾಲುವುದಿಲ್ಲ. ಬಿಟ್ಟೆ.

ದೂರದ ಟ್ರಿಪ್ ಮಾಡುವವರಿಗೆ ಕಾಂಚೀಪುರದ ಕಡೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಶುರು ಮಾತ್ರ ಇಲ್ಲಿಂದಲೇ ಆಗಬೇಕು. ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ಚಿತ್ರ ಇದೆಯಲ್ಲ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಅದರ ಮುಂದೆ ಅರ್ಧ ಗಂಟೆ ಕಳೆದು ಹೊರಡಿ. 1780ರ ಸೆಪ್ಟೆಂಬರ್ 10ರ ಯುದ್ಧ ಅದು. ಅಲ್ಲೂ ನೀರಿನದೇ ಕೈವಾಡ. ಬೈಲಿ ಬರುವಾಗ ಕೊಸಸ್ತಲೆ ಹೊಳೆ ಉಕ್ಕಿ ಹತ್ತು ದಿನದಷ್ಟು ದಡದಲ್ಲೇ ಕೂರಬೇಕಾಯಿತು. ಹೈದರ್, ಟಿಪ್ಪು ಗೆಲ್ಲಲು ಆ ಹತ್ತು ದಿನವೇ ಸಾಕಾಯಿತು. ಸೆಪ್ಟೆಂಬರಿನಲ್ಲೇ ಹೋಗಿ.

ಪೊಳ್ಳಿಲೂರು ಎಂದರೆ ಈಗಿನ ಪುಲ್ಲಲೂರು, ಅಲ್ಲಿ ಎರಡು ಕಲ್ಲಿನ ಸ್ತಂಭಗಳಿವೆ. ಎಲ್ಲರೂ ಅವುಗಳನ್ನು 1780ರ ಯುದ್ಧದ್ದು ಎಂದು ತೋರಿಸುತ್ತಾರೆ. ಅಲ್ಲ. ಅವು ಮರುವರ್ಷ, 1781ರ ಆಗಸ್ಟ್‌ನಲ್ಲಿ ಅದೇ ಊರಿನಲ್ಲಿ ನಡೆದ ಇನ್ನೊಂದು ಕಾಳಗದಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳದು. ಅದಕ್ಕೂ ಸಾವಿರ ವರ್ಷಕ್ಕೂ ಹಿಂದೆ ಪಲ್ಲವ ಮಹೇಂದ್ರವರ್ಮ ಶತ್ರುಗಳನ್ನು ಗೆದ್ದ ಜಾಗವೂ ಇದೇ ಎಂದು ತಾಮ್ರಪಟ ಹೇಳುತ್ತದೆ. ಆ ಶತ್ರು ನಮ್ಮ ಇಮ್ಮಡಿ ಪುಲಕೇಶಿ ಎಂದು ಬಹಳ ಇತಿಹಾಸಕಾರರ ಅಭಿಪ್ರಾಯ. ಒಂದೇ ಊರು, ಮೂರು ಕಾಳಗ.

ಹತ್ತಿರದಲ್ಲೇ ಅರಕ್ಕೋಣಂ ಕಡೆ ತಕ್ಕೋಲಂ. ಮಂಡ್ಯದವರು ಅದನ್ನು ಬಿಟ್ಟು ಬರಲೇಬಾರದು. 949ರಲ್ಲಿ ಚೋಳ ರಾಜಾದಿತ್ಯ ಸತ್ತ ಜಾಗ. ಆ ಯುದ್ಧದ ಮಾತು ಇರುವುದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ. ಗಂಗ ದೊರೆ ಬೂತುಗ ಮೆಚ್ಚಿ ಏನು ಬೇಕು ಎಂದಾಗ, ಆ ಯುದ್ಧದಲ್ಲಿ ಅವನ ಪರ ಕಾದಿದ್ದ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಿತು, ಅದಕ್ಕೇ ನಿಲ್ಲಿಸಿದ ಕಲ್ಲು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ದಾರಿಯಲ್ಲೇ ನೋಡಿಕೊಂಡು ಹೋಗಬಹುದು. ಮಕ್ಕಳಿರುವ ತಂಡ ಆದರೆ ನಾಯಿಯ ಕಥೆಯಿಂದಲೇ ಶುರು ಮಾಡಿ. ನಾನು ಹಾಗೇ ಮಾಡುತ್ತೇನೆ, ತಕ್ಕೋಲಂ ತಲುಪುವ ತನಕ ಮಕ್ಕಳು ಬಿಡದೆ ಪ್ರಶ್ನೆ ಕೇಳುತ್ತಾರೆ.

ಇದಕ್ಕೆ ಮೂರು ದಿನ, ಸಾವಿರ ಕಿಲೋಮೀಟರಿನ ಆಸುಪಾಸು. ತಲೆಗೆ ಆರೂವರೆ ಸಾವಿರ ಇಟ್ಟರೆ ನಡೆಯುತ್ತದೆ. ತಮಿಳುನಾಡು ಪರ್ಮಿಟ್ ದುಡ್ಡು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಮೊದಲೇ ಬರೆಸಿಕೊಳ್ಳಿ. ಒಮ್ಮೆ ಸೇರಿದೆ ಎಂದು ಗಾಡಿಯವರು ಬಾಯಲ್ಲಿ ಹೇಳಿ, ಗಡಿಯಲ್ಲಿ ನನ್ನ ಕೈಯಿಂದಲೇ ಕಟ್ಟಿಸಿದರು. ಆ ಸಲದ ಉಳಿತಾಯ ಅಲ್ಲೇ ಕರಗಿತು.

ಸದ್ಯ ತಲೆಯಲ್ಲಿ ಓಡುತ್ತಿರುವುದು ಪಾಂಡವಪುರದ ಕಡೆಯ ಚಿನಕುರಳಿ. 1771ರ ಮಾರ್ಚ್ 5. ಹೈದರ್ ಮೇಲುಕೋಟೆಯಿಂದ ರಾತ್ರಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ. ತೊಣ್ಣೂರು ಕೆರೆ ಹತ್ತಿರ ಅವನದೇ ಕಡೆಯ ಒಂದು ತೋಪು ಹಾರಿತು. ಮರಾಠರಿಗೆ ಗೊತ್ತಾಯಿತು. ಬೆಳಗಾದ ಮೇಲೆ ಚಿನಕುರಳಿಯಲ್ಲಿ ಪಡೆ ಚೂರಾಯಿತು, ಹೈದರ್ ಕುದುರೆ ಏರಿ ತಪ್ಪಿಸಿಕೊಂಡ. ಇದನ್ನು ರಾತ್ರಿ ನಡಿಗೆಯಾಗಿಯೇ ಮಾಡಬೇಕು. ಬೆಟ್ಟ ಇಳಿಯುವ ತನಕ ದಾರಿ ಗೊತ್ತಾಗಿದೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡುವ ರಸ್ತೆ, ಅದನ್ನು ಬಿಟ್ಟು ಕೆರೆ ಏರಿಗೆ ಸೇರುವ ಒಳದಾರಿ ಬೇಕು. ಪಾಂಡವಪುರದ ಕಡೆಯವರು ಯಾರಾದರೂ ಆ ದಾರಿಯಲ್ಲಿ ನಡೆದಿದ್ದರೆ ಹೇಳಿ, ಬರುವ ಮಾರ್ಚ್‌ಗೆ ಒಂದು ಸೀಟು ಅವರಿಗೆ ಫ್ರೀ.